ಚಿಕ್ಕಪ್ಪನ ಕೈ

ಬುಧವಾರ

ಬಸ್ಸು ಹತ್ತಿದ ಕೂಡಲೇ ಬ್ಯಾಗಿನ ಪಜೀತಿ ಶುರುವಾಯಿತು. ಮೇಲಿನ ಕ್ಯಾರಿಯರ್‌ನಲ್ಲಿ ಇಡೋಣ ಅಂದ್ರೆ ನನ್ನ ಬಲಗೈ ಭುಜದ ಮಟ್ಟಕ್ಕೆ ಬಂದು ಅಲ್ಲೇ ಮುಷ್ಕರ ಹೂಡುತ್ತದೆ. ಏಳು ತಿಂಗಳಿಂದ ಹೀಗೇ. ಡಾಕ್ಟರು ಫ್ರೋಜನ್ ಶೋಲ್ಡರ್ ಅಂದರು. ಭುಜದ ಕೀಲನ್ನು ಸುತ್ತಿಕೊಂಡಿರುವ ಚೀಲ ದಪ್ಪಗಾಗಿ ಬಿಗಿದುಕೊಳ್ಳುತ್ತದಂತೆ. ನಲವತ್ತರಿಂದ ಅರವತ್ತರ ಒಳಗಿನವರಿಗೆ ಜಾಸ್ತಿ, ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಜಾಸ್ತಿ. ನಾನು ಎರಡರಲ್ಲೂ ಪಾಸು. ಪಕ್ಕದ ಸೀಟಿನ ಹುಡುಗಿ ಎದ್ದು, "ಕೊಡಿ ಅಂಕಲ್" ಎಂದು ಬ್ಯಾಗು ತಗೊಂಡು ಮೇಲಿಟ್ಟಳು. ನಲವತ್ತೇಳಕ್ಕೇ ಅಂಕಲ್. ಇರಲಿ.

ನಾನು ಹೊರಟಿದ್ದು ದಾವಣಗೆರೆಗೆ, ಚಿಕ್ಕಪ್ಪನ ಮನೆಗೆ. ಚಿಕ್ಕಪ್ಪನ ಮಗ ಚಿತ್ರದುರ್ಗದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ದಿನಾ ಅರವತ್ತು ಕಿಲೋಮೀಟರ್ ಹೋಗಿ ಬಂದು ಮಾಡುತ್ತಾನೆ. ಹೋದ ವಾರ ಫೋನ್ ಮಾಡಿದ್ದ.

"ಅಣ್ಣಾ, ಅಪ್ಪನ್ನ ಮಾಡೀನಿ. ಕಬ್ಬಿಣದಾಗ. ಕೈ ಎತ್ತತೈತಿ, ಇಳಸ್ತೈತಿ. ಶನಿವಾರ ಸ್ಕೂಲಿಗೆ ಒಯ್ಯಬೇಕು. ನೀನೂ ಬಾ, ಒಂದು ಕೈ ಹಾಕು."

"ಸದ್ಯಕ್ಕೆ ನನ್ನ ಹತ್ರ ಇರೋದೇ ಒಂದು ಕೈ ಕಣೋ," ಎಂದೆ. ಆದರೂ ಹೊರಟೆ.

ಹಿರಿಯೂರು ದಾಟುವವರೆಗೆ ನಿದ್ದೆ. ಎಚ್ಚರವಾದಾಗ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ನಮ್ಮವರು ಫ್ಯಾನು ಅಂತಾರೆ. ದೂರದಿಂದ ಸೋಮಾರಿಗಳ ಹಾಗೆ ಕೈ ಬೀಸುತ್ತವೆ. ತಮ್ಮನಿಗೆ ಈ ಹುಚ್ಚು ಹತ್ತಿದ್ದೇ ಇವುಗಳಿಂದ. ದಿನಾ ಬಸ್ಸಿನ ಕಿಟಕಿಯಲ್ಲಿ ನೋಡೀ ನೋಡೀ, ಅಲುಗಾಡುವ ಶಿಲ್ಪ ಮಾಡಿದವರು ಯಾರ್ಯಾರು ಇದ್ದಾರೆ ಅಂತ ಹುಡುಕತೊಡಗಿದ. ಒಮ್ಮೆ ನನಗೂ ಒಂದು ವಿಡಿಯೋ ಕಳಿಸಿದ್ದ. ಹಾಲೆಂಡಿನ ತೆಯೋ ಯಾನ್ಸೆನ್ 1990ರಿಂದ ಪ್ಲಾಸ್ಟಿಕ್ ಪೈಪಿನಲ್ಲಿ ಪ್ರಾಣಿಗಳನ್ನು ಕಟ್ಟುತ್ತಿದ್ದಾರೆ. ಸಮುದ್ರದ ದಂಡೆಯ ಗಾಳಿಗೆ ಅವು ಸಾಲು ಸಾಲು ಕಾಲು ಎತ್ತಿಟ್ಟು ನಡೆಯುತ್ತವೆ. ಕರೆಂಟಿಲ್ಲ, ಪೆಟ್ರೋಲಿಲ್ಲ. ಮನೆ ಕಟ್ಟುವಾಗ ಗೋಡೆಯೊಳಗೆ ವೈರಿಗೆ ಹಾಕುತ್ತೇವಲ್ಲ, ಅದೇ ಪೈಪು. ಆ ರಾತ್ರಿ ನಾನು ಅದನ್ನು ನಾಲ್ಕು ಸಲ ನೋಡಿದ್ದೆ.

ದಾವಣಗೆರೆಯಲ್ಲಿ ಇಳಿದಾಗ ಸಂಜೆ ಐದು. ಮನೆಗೆ ಮೊದಲು ಬೆಣ್ಣೆ ದೋಸೆ, ಅದು ನಿಯಮ. ಜೊತೆಗಿದ್ದ ತಮ್ಮ, ಕಾವಲಿ ಮುಂದೆ ನಿಂತವನ ಕೈಯನ್ನೇ ನೋಡುತ್ತಿದ್ದ. ಮಣಿಕಟ್ಟು ಎಲ್ಲಿ ತಿರುಗುತ್ತದೆ, ಮೊಣಕೈ ಎಲ್ಲಿ ಸುಮ್ಮನಿರುತ್ತದೆ ಅಂತ. ನಾನು ದೋಸೆ ನೋಡುತ್ತಿದ್ದೆ.

ಚಿಕ್ಕಪ್ಪನಿಗೆ ಎಪ್ಪತ್ನಾಲ್ಕು. ಹತ್ತಿ ಗಿರಣಿಯ ಸ್ಪಿನ್ನಿಂಗ್ ಖಾತೆಯಲ್ಲಿ ಮೂವತ್ತು ವರ್ಷ ದುಡಿದವರು. ದಾವಣಗೆರೆಯ ಮೊದಲ ಹತ್ತಿ ಗಿರಣಿ ಶುರುವಾಗಿದ್ದು 1936ರಲ್ಲಿ. ಆಮೇಲೆ ಒಂದರ ಹಿಂದೆ ಒಂದು ಬಂದವು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರೂ ಬಂತು. ಚಿಕ್ಕಂದಿನಲ್ಲಿ ರಜಕ್ಕೆ ಬಂದಾಗ ಇಲ್ಲಿ ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಗಿರಣಿ ಕೂಗಿಗೆ ಏಳುವುದು, ಕೂಗಿಗೆ ಬುತ್ತಿ ಕಟ್ಟುವುದು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಕೂಗೂ ನಿಂತಿತು.

ಚಿಕ್ಕಪ್ಪ ಟಿವಿ ಮುಂದೆ ಕೂತಿದ್ದರು. "ಬಾರಪ್ಪಾ, ಕೈ ಹೆಂಗೈತಿ?" ಎಂದು ಕೇಳಿ ಮತ್ತೆ ಟಿವಿ ಕಡೆ ತಿರುಗಿದರು. ಅವರ ಬಲಗೈ ತೊಡೆಯ ಮೇಲಿತ್ತು. ಹೆಬ್ಬೆರಳು ತೋರುಬೆರಳಿನ ಮೇಲೆ ಸುಮ್ನೆ ಹೊಸೆಯುತ್ತಾ ಇತ್ತು. ಮೂರು ಸಲ ಹೊಸೆಯುವುದು, ನಿಲ್ಲುವುದು. ಮತ್ತೆ ಮೂರು ಸಲ. ಎಳೆ ಇಲ್ಲ, ಹತ್ತಿ ಇಲ್ಲ. ಬೆರಳು ಮಾತ್ರ ಇನ್ನೂ ಪಾಳಿಯಲ್ಲಿತ್ತು.

ಗುರುವಾರ

ಮನೆ ಹಿಂದೆ ತಗಡಿನ ಶೆಡ್ಡು. ಬಾಗಿಲು ತೆಗೆದರೆ ಎದುರಿಗೇ ಚಿಕ್ಕಪ್ಪ. ಸೊಂಟದಿಂದ ಮೇಲಿನ ಚಿಕ್ಕಪ್ಪ. ಪಕ್ಕೆಲುಬಿಗೆ ಸೈಕಲ್ ರಿಮ್ಮಿನ ತುಂಡುಗಳು, ಬೆನ್ನುಮೂಳೆಗೆ ಬೈಕಿನ ಚೈನು. ತಲೆ ಇಲ್ಲ. ಆ ಜಾಗಕ್ಕೆ ಗಿರಣಿಯಲ್ಲಿ ನೂಲು ಸುತ್ತುವ ಹಳೇ ಬಾಬಿನ್ ಒಂದನ್ನು ಸಿಕ್ಕಿಸಿದ್ದ.

"ಮುಖ ಮಾಡಿದ್ರೆ ಎಲ್ಲಾರೂ ಮುಖಾನೇ ನೋಡ್ತಾರ. ಮೂಗು ಹಂಗಿಲ್ಲ, ಮೀಸಿ ಹಿಂಗಿಲ್ಲ ಅಂತಾರ. ಕೈ ಯಾರೂ ನೋಡಂಗಿಲ್ಲ," ಎಂದ.

ಹೊಟ್ಟೆಯೊಳಗೆ ಕಾರಿನ ವೈಪರ್ ಮೋಟಾರ್, 12 ವೋಲ್ಟಿನದು. ಇಂಥ ಕೆಲಸ ಮಾಡುವವರಿಗೆ ಇದೊಂದು ಕಾಮಧೇನು. ಗುಜರಿಯಲ್ಲಿ ಸಿಗುತ್ತದೆ. ಒಳಗೇ ವರ್ಮ್ ಗೇರ್ ಅಂತ ಸ್ಕ್ರೂ ಥರದ ಗೇರ್ ಇರುವುದರಿಂದ ನಿಧಾನಕ್ಕೆ, ಬಲವಾಗಿ ತಿರುಗುತ್ತದೆ. ಕರೆಂಟು ಹೋದರೂ ಎತ್ತಿದ ಕೈ ಧೊಪ್ಪನೆ ಬೀಳುವುದಿಲ್ಲ. ಆದರೂ ನಿಮಿಷಕ್ಕೆ 45 ಸುತ್ತು ಅಂದ್ರೆ ಮನುಷ್ಯನ ಕೈಗೆ ಜಾಸ್ತಿನೇ. ಅದಕ್ಕೆ ಸೈಕಲ್ಲಿನ ಹಲ್ಲುಚಕ್ರಗಳನ್ನು ಜೋಡಿಸಿದ್ದ. ಹಿಂದಿನ ಗಾಲಿಯ ಚಿಕ್ಕದಕ್ಕೆ 18 ಹಲ್ಲು, ಪೆಡಲಿನ ದೊಡ್ಡದಕ್ಕೆ 44. ಚಿಕ್ಕದರಿಂದ ದೊಡ್ಡದನ್ನು ತಿರುಗಿಸಿದರೆ ವೇಗ ಹೆಚ್ಚುಕಡಿಮೆ ಎರಡೂವರೆ ಪಟ್ಟು ಇಳಿಯುತ್ತದೆ. ಎರಡು ಸಲ ಹಾಗೆ ಮಾಡಿದರೆ ನಿಮಿಷಕ್ಕೆ ಏಳೆಂಟು ಸುತ್ತಿಗೆ ಬಂದು ನಿಲ್ಲುತ್ತದೆ.

"ಇದನ್ನೇ ಮಾಡ್ಕೊಂಡು ಹೋದ್ರೆ ಎಲ್ಲಿಗೆ ಮುಟ್ಟುತ್ತೆ ಗೊತ್ತಾ?" ಎಂದ. ಅಮೆರಿಕದ ಆರ್ಥರ್ ಗ್ಯಾನ್ಸನ್ ಮಾಡಿರುವ ಒಂದು ಯಂತ್ರದಲ್ಲಿ ಹನ್ನೆರಡು ಜೋಡಿ ಗೇರುಗಳಿವೆ. ಒಂದೊಂದು ಜೋಡಿ ದಾಟಿದಾಗಲೂ ವೇಗ ಐವತ್ತರಲ್ಲಿ ಒಂದು ಪಾಲಾಗುತ್ತದೆ. ಈ ತುದಿಯಲ್ಲಿ ಮೋಟಾರು ಗಿರಗಿರ ತಿರುಗುತ್ತಿರುತ್ತದೆ. ಆ ತುದಿಯ ಗೇರನ್ನು ಕಾಂಕ್ರೀಟಿನಲ್ಲಿ ಹೂತುಬಿಟ್ಟಿದ್ದಾರೆ. ಏನೂ ಮುರಿಯುವುದಿಲ್ಲ. ಯಾಕಂದ್ರೆ ಆ ಕೊನೆಯ ಗೇರು ಒಂದು ಸುತ್ತು ಬರಲು ಎರಡು ಲಕ್ಷ ಕೋಟಿ ವರ್ಷಕ್ಕೂ ಜಾಸ್ತಿ ಬೇಕು.

ಟೀ ತಂದ ಚಿಕ್ಕಮ್ಮ ಕೇಳಿಸಿಕೊಂಡರು. "ಆಸ್ತಿ ಕೇಸಿದ್ದಂಗ ಬಿಡಪ್ಪ," ಎಂದು ಲೋಟ ಇಟ್ಟು ಹೋದರು.

ಸ್ವಿಚ್ ಒತ್ತಿದ. ಕೈ ಎದ್ದಿತು. ಸೊಂಟದಿಂದ ಎದೆ, ಎದೆಯಿಂದ ತಲೆ. ಇಳಿಯಿತು. ಮತ್ತೆ ಎದ್ದಿತು. ಒಂದು ಚೂರು ಜರ್ಕಿಲ್ಲ, ಸದ್ದಿಲ್ಲ. ನನಗಂತೂ ಹೊಟ್ಟೆ ಉರಿಯಿತು. ನನ್ನ ಕೈ ಹೀಗೆ ಏಳುವುದು ಯಾವಾಗಲೋ! ತಮ್ಮ ಅಪ್ಪನನ್ನು ಕರೆತಂದು ನಿಲ್ಲಿಸಿದ. ಚಿಕ್ಕಪ್ಪ ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು.

"ಯಾರಿದು?"

"ನೀವೇ ಅಪ್ಪಾ."

"ನಾನೆಲ್ಲಿ? ಇವ ಪರೇಡ್ ಮಾಡಾಕತ್ಯಾನ."

ತಮ್ಮನ ಮುಖ ಸಪ್ಪಗಾಯಿತು. ಚಿಕ್ಕಪ್ಪ ಬಿಡಲಿಲ್ಲ. ಇಷ್ಟು ಎತ್ತರ ಯಾಕೆ ಅಂದರು. ರೋಲರ್ ಎದೆ ಮಟ್ಟದಲ್ಲಿರುತ್ತದೆ, ಬಾಬಿನ್ ಅದಕ್ಕಿಂತ ಕೆಳಗೆ. ಎಳೆ ಹರಿದಾಗ ಮಾಡಬೇಕಾದ್ದು ಇಷ್ಟು: ಬಾಬಿನ್ನನ್ನು ತಿರುಗಿಸುವ ಕಡ್ಡಿಯನ್ನು, ಅಂದ್ರೆ ಸ್ಪಿಂಡಲನ್ನು, ತಡೆದು ನಿಲ್ಲಿಸಿ, ಬಾಬಿನ್ನಿನ ಮೇಲೆ ಎಳೆಯ ತುದಿ ಹುಡುಕಿ, ಉಂಗುರದ ಮೇಲಿನ ಚಿಕ್ಕ ಕೊಕ್ಕೆಯಲ್ಲಿ ತೂರಿಸಿ, ಮೇಲೆ ರೋಲರ್‌ನಿಂದ ಬರುತ್ತಿರುವ ಹತ್ತಿಗೆ ತಾಗಿಸಿ ಬಿಡಬೇಕು. ಸ್ಪಿಂಡಲ್ ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸು ತಿರುಗುತ್ತದೆ. ಬಿಟ್ಟ ಕೂಡಲೇ ಹುರಿ ಮೇಲಕ್ಕೆ ಓಡಿ ತಾನೇ ಕೂಡಿಕೊಳ್ಳುತ್ತದೆ. ಇದನ್ನು ಹೇಳುತ್ತಾ ಹೇಳುತ್ತಾ ಅವರ ಕೈ ಗಾಳಿಯಲ್ಲಿ ಮಾಡಿಯೇಬಿಟ್ಟಿತು. ನನಗೆ ಕಂಡಿದ್ದು ಒಂದು ಮಿಂಚು ಅಷ್ಟೇ.

"ಇದು ಬೆಳಗಿನ ಏಳು ಗಂಟಿ ಕೈ," ಎಂದರು. "ಪಾಳಿ ಮುಗಿಯೋ ಹೊತ್ತಿಗೆ ಕೈ ಏಳಂಗಿಲ್ಲ. ಹೆಗಲು ಏಳ್ತೈತಿ. ಹೆಗಲಿನ ಹಿಂದ ಕೈ ಬರ್ತೈತಿ."

ನಾನು ಸುಮ್ಮನಿರಬಹುದಿತ್ತು. "ಹೀಗಾ ಚಿಕ್ಕಪ್ಪಾ?" ಎಂದು ನನ್ನ ಬಲಗೈ ಎತ್ತಿದೆ. ಎದೆ ಮಟ್ಟ ದಾಟಿದ್ದೇ ಸಿಕ್ಕಿಕೊಂಡಿತು. ಹೆಗಲು ಕಿವಿ ಕಡೆಗೆ ಹೋಯಿತು. ನೋವಿಗೆ ಕಣ್ಣು ಮುಚ್ಚಿದೆ. ತೆಗೆದಾಗ ಅಪ್ಪ ಮಗ ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

"ಹಾಂ. ಹಿಂಗ," ಎಂದರು ಚಿಕ್ಕಪ್ಪ.

ಫಿಸಿಯೋ ಹೇಳಿಕೊಟ್ಟಿದ್ದನ್ನು ತಮ್ಮನಿಗೆ ಹೇಳಿದೆ. ಕೈ ಎತ್ತುವುದು ಒಂದೇ ಕೀಲಿನ ಕೆಲಸವಲ್ಲ. ಪೂರ್ತಿ 180 ಡಿಗ್ರಿ ಎತ್ತಿದರೆ ಅದರಲ್ಲಿ ಸುಮಾರು 120 ಭುಜದ ಕೀಲಿನದು, ಉಳಿದ 60 ಬೆನ್ನ ಮೇಲಿನ ಹೆಗಲ ಮೂಳೆಯದು. ಎರಡೂ ಲೆಕ್ಕ ಇಟ್ಟಂತೆ ಒಟ್ಟಿಗೆ ಹೋಗುತ್ತವೆ. ನನ್ನ ಥರ ಕೀಲು ಬಿಗಿದವರಲ್ಲಿ ಹೆಗಲ ಮೂಳೆ ತನ್ನ ಪಾಲಿಗಿಂತ ಜಾಸ್ತಿ ದುಡಿಯುತ್ತದೆ. ಕನ್ನಡಿಯಲ್ಲಿ ನೋಡಿಕೊಂಡರೆ ಗೊತ್ತಾಗುತ್ತದೆ, ಕೈ ಎತ್ತುವ ಮೊದಲೇ ಹೆಗಲು ಹೊರಟಿರುತ್ತದೆ. ತಮ್ಮನ ಕಬ್ಬಿಣದ ಅಪ್ಪನಿಗೆ ಭುಜದ ಹತ್ತಿರ ಇದ್ದಿದ್ದು ಒಂದು ಬೋಲ್ಟು, ಒಂದು ಬೇರಿಂಗು. ಹೆಗಲೇ ಇರಲಿಲ್ಲ.

ಇದನ್ನೆಲ್ಲ ಮಾತಾಡುತ್ತಾ ಮೋಟಾರು ಆಫ್ ಮಾಡುವುದನ್ನು ಮರೆತಿದ್ದೆವು. ಮೊದಲು ವಾಸನೆ ಬಂತು. ಆಮೇಲೆ ಹೊಕ್ಕುಳಿಂದ ಹೊಗೆ. ತಮ್ಮ ವೈರು ಕಿತ್ತ. ಕೈ ಅರ್ಧಕ್ಕೆ ನಿಂತಿತು.

"ಟಿಂಗ್ಲಿ ಆದ್ವಿ ಅಣ್ಣಾ," ಎಂದು ನಕ್ಕ. ಜ್ಯಾಂ ಟಿಂಗ್ಲಿ ಸ್ವಿಟ್ಜರ್ಲೆಂಡಿನ ಶಿಲ್ಪಿ. 1960ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನ ಅಂಗಳದಲ್ಲಿ ಗುಜರಿ ಗಾಲಿ, ಮೋಟಾರು, ಪಿಯಾನೊ ಎಲ್ಲ ಸೇರಿಸಿ ಒಂದು ದೊಡ್ಡ ಯಂತ್ರ ನಿಲ್ಲಿಸಿದ. ಅದರ ಕೆಲಸ ತನ್ನನ್ನು ತಾನೇ ಹಾಳು ಮಾಡಿಕೊಳ್ಳುವುದು. 27 ನಿಮಿಷ ನಡೆಯಿತು. ಕೊನೆಗೆ ಬೆಂಕಿ ಹತ್ತಿ ಅಗ್ನಿಶಾಮಕದವರು ಆರಿಸಬೇಕಾಯಿತು. ಅವನು ಬೇಕೂಂತ ಸುಟ್ಟ, ನಾವು ಮರೆತು ಸುಟ್ಟೆವು. ಆತ್ಮಹತ್ಯೆಗೂ ಅಪಘಾತಕ್ಕೂ ಇರುವಷ್ಟೇ ವ್ಯತ್ಯಾಸ.

ಸಂಜೆಯೆಲ್ಲ ಗುಜರಿ ಸುತ್ತಿದೆವು. ಎರಡನೇ ಮೋಟಾರಿಗೆ ಆರುನೂರು ಕೊಟ್ಟೆವು. ಮನೆಗೆ ಬಂದಾಗ ಚಿಕ್ಕಮ್ಮ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬೋಂಡ ಮಾಡಿಟ್ಟಿದ್ದರು. ಗಂಡನ ಮೂರ್ತಿಯ ಬಗ್ಗೆ ಅವರ ಅಭಿಪ್ರಾಯ ಕೇಳಿದೆ.

"ಮೂರ್ತಿ ಅಂದಮ್ಯಾಲೆ ನಿಂತಿರಬೇಕಪ್ಪ. ಓಡಾಡೋ ಮೂರ್ತಿ ಜಂಗಮರು. ಅವರಿಗೆ ಭಿಕ್ಷ ಹಾಕಬೇಕಾಕ್ಕೈತಿ," ಎಂದರು. ಇಂಥ ಅಲುಗಾಡುವ ಶಿಲ್ಪಕ್ಕೆ ಇಂಗ್ಲಿಷಿನಲ್ಲಿ ಕೈನೆಟಿಕ್ ಅಂತಾರೆ, ಕನ್ನಡದಲ್ಲಿ ಏನನ್ನಬೇಕು ಅಂತ ನಾನು ತಲೆ ಕೆಡಿಸಿಕೊಂಡಿದ್ದೆ. ಚಿಕ್ಕಮ್ಮ ಎಣ್ಣೆ ಬಾಣಲೆ ಮುಂದೆ ಕೂತೇ ಬಗೆಹರಿಸಿದರು.

ಶುಕ್ರವಾರ

ಬೆಳಿಗ್ಗೆ ಹರಿಹರಕ್ಕೆ. ಬೈಕಿನಲ್ಲಿ ಅರ್ಧ ಗಂಟೆ. ಅಲ್ಲಿ ತಮ್ಮನ ಪರಿಚಯದ ಒಬ್ಬ ಮೇಸ್ತ್ರಿ ಇದ್ದಾರೆ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಗಿ ಲೇತ್ ಮಷೀನುಗಳನ್ನು ಮಾಡುತ್ತಿತ್ತು. ಆ ಕಾರ್ಖಾನೆ ಈಗಿಲ್ಲ. ಆದರೆ ಅದರ ದೆಸೆಯಿಂದ ಈ ಊರಿನ ಗಲ್ಲಿಗಳಲ್ಲಿ ಇವತ್ತಿಗೂ ಕಬ್ಬಿಣದ ಭಾಷೆ ಬಲ್ಲ ಮುದುಕರು ಸಿಗುತ್ತಾರೆ. ಈ ಮೇಸ್ತ್ರಿಯೂ ಅಂಥವರೇ.

ದಾರಿಯಲ್ಲಿ ಹರಿಹರೇಶ್ವರನ ಗುಡಿಗೆ ಹೋದೆವು. 13ನೇ ಶತಮಾನದ ಹೊಯ್ಸಳರ ಗುಡಿ. ಒಂದೇ ವಿಗ್ರಹದಲ್ಲಿ ಅರ್ಧ ಹರ, ಅರ್ಧ ಹರಿ. ಅರ್ಚಕರು ದೀಪ ಹಿಡಿದಾಗ ತಮ್ಮ ಕಿವಿಯಲ್ಲಿ ಪಿಸುಗುಟ್ಟಿದ: "ಜಾಯಿಂಟ್ ನೋಡು, ವೆಲ್ಡಿಂಗ್ ಗುರುತೇ ಇಲ್ಲ." ದೇವರ ಮುಂದೆ ನಗು ತಡೆಯುವುದು ಕಷ್ಟವಾಯಿತು.

ಮೇಸ್ತ್ರಿ ವಿಡಿಯೋ ನೋಡಿದರು. ಒಂದೇ ಸಲ. ಫೋನ್ ವಾಪಸ್ ಕೊಟ್ಟರು.

"ಎರಡು ತಪ್ಪು ಮಾಡೀರಿ ಮೇಷ್ಟ್ರೇ. ಒಂದು, ಏತಕ್ಕೆ ಕಲ್ಲು ಕಟ್ಟಿಲ್ಲ. ಕಬ್ಬಿಣದ ಕೈಯೆಲ್ಲಾ ಮೋಟಾರೇ ಹೊರಬೇಕಂದ್ರೆ ಅದು ಸುಡದೇ ಏನ್ ಮಾಡ್ತೈತಿ?"

ಸರಿ ಅಲ್ವಾ? ಬಾವಿಯಿಂದ ನೀರೆತ್ತುವ ಏತದ ಹಿಂದಿನ ತುದಿಗೆ ಕಲ್ಲು ಕಟ್ಟುವುದು ಯಾವ ಹಳ್ಳಿ ಹುಡುಗನಿಗೂ ಗೊತ್ತು. ತೂಕವನ್ನು ಕಲ್ಲು ಹೊರುತ್ತದೆ, ಮನುಷ್ಯ ಬರೀ ದಾರಿ ತೋರಿಸುತ್ತಾನೆ. ವೈಪರ್ ಮೋಟಾರನ್ನು ಮಾಡಿರುವುದು ಗಾಜಿನ ಮೇಲಿನ ನೀರು ಒರೆಸಲಿಕ್ಕೆ. ನಾವು ಅದರ ಕೈಯಲ್ಲಿ ಗಿರಣಿ ಕೆಲಸ ಮಾಡಿಸುತ್ತಿದ್ದೆವು.

"ಎರಡನೇದು, ಕ್ರ್ಯಾಂಕ್ ಹಾಕೀರಿ. ಕ್ರ್ಯಾಂಕಿಗೆ ಹೋಗೋದೂ ಒಂದೇ, ಬರೋದೂ ಒಂದೇ. ಮನಷ್ಯಾ ಹಂಗಿರ್ತಾನೇನು?"

ಕ್ರ್ಯಾಂಕ್ ಅಂದ್ರೆ ಗಾಲಿ ತಿರುಗಿದಂತೆ ಕೈಯನ್ನು ಮೇಲೆ ಕೆಳಗೆ ಆಡಿಸುವ ಸರಳು. ಅವರು ಶೇಪಿಂಗ್ ಮಷೀನಿನ ಉದಾಹರಣೆ ಕೊಟ್ಟರು. ಅದರ ಉಳಿ ಕಬ್ಬಿಣ ಕೆತ್ತುವಾಗ ನಿಧಾನಕ್ಕೆ ಮುಂದೆ ಹೋಗುತ್ತದೆ, ಕೆಲಸವಿಲ್ಲದೆ ವಾಪಸ್ ಬರುವಾಗ ಸರ್ರನೆ ಬರುತ್ತದೆ. ಮಷೀನಿಗೂ ಕಷ್ಟದ ದಾರಿ ಬೇರೆ, ಸುಲಭದ ದಾರಿ ಬೇರೆ. ನಮಗೆ ಬೇಕಾಗಿರುವುದು ಕ್ಯಾಮ್ ಎಂದರು. ಸುತ್ತು ತಪ್ಪಿದ ತಟ್ಟೆ ಅಂತಿಟ್ಟುಕೊಳ್ಳಿ. ಅದರ ಅಂಚಿನ ಮೇಲೆ ಒಂದು ಚಿಕ್ಕ ಬೇರಿಂಗ್ ಉರುಳುತ್ತದೆ. ಅಂಚು ಉಬ್ಬಿದಲ್ಲಿ ಏಳುತ್ತದೆ, ತಗ್ಗಿದಲ್ಲಿ ಇಳಿಯುತ್ತದೆ.

"ಕ್ಯಾಮ್ ಅಂದ್ರ ಹಣೆಬರ. ಅಂಚಿನಾಗ ಏನ್ ಬರೀತೀರೋ ಅದನ್ನೇ ಕುಣೀತೈತಿ. ಕೈ ಯಾರದು?"

ತಮ್ಮ ನನ್ನ ಕಡೆ ನೋಡಿದ.

ನನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿದರು. ಮೇಸ್ತ್ರಿ ಒಂದು ಎರಡು ಅಂತ ಎಣಿಸುವುದು, ನಾನು ಎಣಿಕೆಗೊಮ್ಮೆ ಕೈ ಸ್ವಲ್ಪ ಎತ್ತುವುದು, ತಮ್ಮ ಮಣಿಕಟ್ಟಿನ ಹತ್ತಿರ ಗೋಡೆಗೆ ಸೀಮೆಸುಣ್ಣದ ಗೆರೆ ಎಳೆಯುವುದು. ಐದರವರೆಗೆ ಗೆರೆಗಳು ಸಮನಾಗಿ ಮೇಲೇರಿದವು. ಆರು ಅಂದಾಗ ಏರಿತು. ಏಳು ಅಂದಾಗ ನಾನು ಎತ್ತಿದೆ ಅಂದುಕೊಂಡೆ, ಆದರೆ ಗೆರೆ ಆರರ ಮೇಲೇ ಬಿತ್ತು. ಎಂಟಕ್ಕೆ ಹೆಗಲು ಏರಿ ಕೈಯನ್ನು ಎರಡು ಬೆರಳಿನಷ್ಟು ಎಳೆದುಕೊಂಡಿತು. ಹಣೆಯಲ್ಲಿ ಬೆವರು. ಇಳಿಸುವುದು ನಾಲ್ಕೇ ಎಣಿಕೆಗೆ ಮುಗಿಯಿತು. ಕೈ ಬಿದ್ದಿತು ಅನ್ನುವುದೇ ಸರಿ.

ಏಳು ತಿಂಗಳಿಂದ ನನ್ನ ನೋವನ್ನು ಎಲ್ಲರೂ ಹತ್ತಕ್ಕೆ ಎಷ್ಟು ಅಂತ ಕೇಳಿದ್ದರು. ಹೀಗೆ ಗೋಡೆ ಮೇಲೆ ಬರೆದು ಯಾರೂ ತೋರಿಸಿರಲಿಲ್ಲ. ಫೋನಿನಲ್ಲಿ ಫೋಟೋ ತೆಗೆದುಕೊಂಡೆ.

ಮೇಸ್ತ್ರಿ ಹಳೇ ಲಗ್ನಪತ್ರಿಕೆಯ ರಟ್ಟಿನ ಮೇಲೆ ಕೈವಾರದಲ್ಲಿ ವೃತ್ತ ಎಳೆದು ಹನ್ನೆರಡು ಭಾಗ ಮಾಡಿದರು. ಒಂದೊಂದು ಭಾಗ 30 ಡಿಗ್ರಿ. ಗೋಡೆಯ ಎತ್ತರಗಳನ್ನು ಚಿಕ್ಕದು ಮಾಡಿ ಒಂದೊಂದು ಗೆರೆಯ ಮೇಲೂ ಗುರುತು ಹಾಕಿ ಕೂಡಿಸಿದರು. ಬಸವನಹುಳದಂಥ ಆಕಾರ ಬಂತು. ಆರರಿಂದ ಏಳರವರೆಗೆ ಮಾತ್ರ ಅಂಚು ಏರುವುದಿಲ್ಲ, ಹಾಗೇ ಗುಂಡಗೆ ಹೋಗುತ್ತದೆ. ಅಷ್ಟು ಹೊತ್ತು ಕೈ ಕಾಯುತ್ತದೆ. ಹೆಗಲಿಗೆ ಬೇರೆ ಕ್ಯಾಮ್. ಅದು ಏಳಕ್ಕೆ ಎಚ್ಚರವಾಗುತ್ತದೆ.

ಆರು ಮಿಲಿಮೀಟರ್ ಪ್ಲೇಟನ್ನು ಗ್ಯಾಸಿನಲ್ಲಿ ಕತ್ತರಿಸಿದ ಮೇಲೆ ಅರ ಹಾಕುವ ಕೆಲಸ. ಮಧ್ಯಾಹ್ನವೆಲ್ಲ ಮೇಸ್ತ್ರಿ ಮತ್ತು ತಮ್ಮ ಸರದಿಯ ಮೇಲೆ ಅರ ಉಜ್ಜಿದರು. ನಾನು ಎಡಗೈಯಲ್ಲಿ ಟೀ ತಂದುಕೊಟ್ಟೆ. ಹೊರಡುವಾಗ ದುಡ್ಡು ಎಷ್ಟು ಅಂದರೆ, "ವಿಡಿಯೋ ಕಳಸ್ರಿ ಸಾಕು," ಎಂದರು.

ರಾತ್ರಿ ಹನ್ನೊಂದಕ್ಕೆ ಎಲ್ಲ ಕೂಡಿಸಿ ಮುಗಿಯಿತು. ಮೊಣಕೈ ಹಿಂದೆ ಎದುರು ತೂಕ, ಹೆಗಲಿಗೆ ಸೈಕಲ್ ಸೀಟಿನ ಸ್ಪ್ರಿಂಗ್. ಚಿಕ್ಕಪ್ಪ ನಿದ್ದೆಗಣ್ಣಲ್ಲಿ ಬಂದು ಬಾಗಿಲಲ್ಲಿ ನಿಂತರು. ಕೈ ಎದ್ದಿತು, ತಡೆಯಿತು. ಹೆಗಲು ಅಲುಗಿತು. ಹೆಗಲಿನ ಹಿಂದೆ ಕೈ ಹೋಯಿತು.

ಅವರು ಏನೂ ಹೇಳಲಿಲ್ಲ. ಹೊರಡುವ ಮುಂಚೆ ಕೇಳಿದ್ದು ಇಷ್ಟೇ: "ಎಳಿ ಎಲ್ಲೈತಿ? ಎಳಿ ಇಲ್ಲದ ಕೈ ಏನ್ ಮಾಡಾಕತ್ತೈತಿ ಅಲ್ಲಿ?"

ತಮ್ಮ ಅಡುಗೆಮನೆಗೆ ಹೋಗಿ ಚಿಕ್ಕಮ್ಮ ದೇವರ ಬತ್ತಿಗೆ ಇಟ್ಟಿದ್ದ ನೂಲಿನ ಉಂಡೆ ತಂದ.

ಶನಿವಾರ

ಐದು ಗಂಟೆಗೆ ಟಾಟಾ ಏಸ್ ಬಂತು. ಹಳೇ ಹಾಸಿಗೆ ಸುತ್ತಿ ಕಬ್ಬಿಣದ ಚಿಕ್ಕಪ್ಪನನ್ನು ಹಿಂದೆ ಮಲಗಿಸಿದೆವು. ನಿಜದ ಚಿಕ್ಕಪ್ಪ ಡ್ರೈವರ್ ಪಕ್ಕ. ನಾವಿಬ್ಬರು ಬೈಕಿನಲ್ಲಿ. ಹೆದ್ದಾರಿಯಲ್ಲಿ ಹಾಸಿಗೆಯಿಂದ ಹೊರಗೆ ಒಂದು ಕೈ ನಿಗುರಿಕೊಂಡಿತ್ತು. ಹಿಂದೆ ಬಂದ ಲಾರಿಯವನು ಎರಡು ಸಲ ಹಾರ್ನ್ ಹೊಡೆದು ಬಗ್ಗಿ ನೋಡಿದ.

ಶಾಲೆಯಲ್ಲಿ ಇಳಿಸಿ, ಚಿಕ್ಕಪ್ಪನನ್ನು ಕಾವಲಿಗೆ ಕೂರಿಸಿ, ಹತ್ತಕ್ಕೆ ಬರುತ್ತೇವೆಂದು ಕೋಟೆಗೆ ಹೋದೆವು. ಏಳು ಸುತ್ತಿನ ಕೋಟೆಯನ್ನು ಪೂರ್ತಿ ನೋಡಲು ಒಂದು ದಿನವೂ ಸಾಲದು. ಎರಡು ಜಾಗ ಸಾಕು ಅಂದುಕೊಂಡಿದ್ದೆವು.

ಮೊದಲನೆಯದು ಮದ್ದು ಅರೆಯುತ್ತಿದ್ದ ಕಲ್ಲುಗಳು. ಹೊಂಡದಂಥ ಜಾಗದೊಳಗೆ ಆಳೆತ್ತರಕ್ಕೆ ಹೋಲಿಸಬಹುದಾದ ಬೀಸುಕಲ್ಲುಗಳು. ಪ್ರಾಣಿಗಳನ್ನು ಕಟ್ಟಿ ತಿರುಗಿಸುತ್ತಿದ್ದರಂತೆ. ಕೆಲವು ಗೈಡುಗಳು ಆನೆ ಅಂತಾರೆ, ಕೆಲವರು ಎಮ್ಮೆ. ಅಲ್ಲಿ ಕೂತು ತಮ್ಮ ಟಿಪ್ಪುವಿನ ಹುಲಿಯ ಕಥೆ ತೆಗೆದ. ಹೈದರಾಲಿ ದುರ್ಗವನ್ನು ಗೆದ್ದಿದ್ದು 1779ರಲ್ಲಿ. ಅವನ ಮಗ ಟಿಪ್ಪು ಆಮೇಲೆ ಒಂದು ಮರದ ಹುಲಿ ಮಾಡಿಸಿದ. ಕೆಳಗೆ ಬಿದ್ದಿರುವ ಯುರೋಪಿನ ಸಿಪಾಯಿಯ ಕುತ್ತಿಗೆಗೆ ಹುಲಿ ಬಾಯಿ ಹಾಕಿದೆ. ಪಕ್ಕದ ಹಿಡಿಕೆ ತಿರುಗಿಸಿದರೆ ಒಳಗಿನ ತಿದಿ ಒತ್ತಿ ಹುಲಿ ಗುರುಗುಟ್ಟುತ್ತದೆ, ಸಿಪಾಯಿ ನರಳುತ್ತಾನೆ. ಮತ್ತೆ ಅವನ ಎಡಗೈ ಮೇಲೆ ಕೆಳಗೆ ಆಡುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಹೊತ್ತೊಯ್ದರು. ಈಗ ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

"ನೋಡು, ಹುಲಿ ಕೈ ಆಡಿಸಲ್ಲ. ಸಾಯ್ತಿರೋನು ಆಡಿಸ್ತಾನೆ," ಎಂದ ತಮ್ಮ. ಫ್ರಾನ್ಸಿನ ಕಲಾವಿದ ಡುಷಾಂಪ್ 1913ರಲ್ಲಿ ಸ್ಟೂಲಿನ ಮೇಲೆ ಸೈಕಲ್ ಚಕ್ರ ಕೂರಿಸಿದಾಗಿನಿಂದ ಚಲಿಸುವ ಶಿಲ್ಪದ ಚರಿತ್ರೆ ಹೇಳುವವರು ಈ ಹುಲಿಯನ್ನು ಆಟಿಕೆ ಲೆಕ್ಕಕ್ಕೆ ಹಾಕುತ್ತಾರೆ ಅಂತ ಅವನಿಗೆ ಸಿಟ್ಟು. ನನಗೂ ಆ ಸಿಟ್ಟು ಸ್ವಲ್ಪ ಹತ್ತಿತು.

ಎರಡನೆಯದು ಓಬವ್ವನ ಕಿಂಡಿ. ಮೈ ಹಿಂಡಿಕೊಂಡು ತೂರಬೇಕಾದ ಸಂದಿ. ಓಬವ್ವ ಇಲ್ಲಿ ನಿಂತು ಒಂದೊಂದೇ ತಲೆಗೆ ಒನಕೆ ಹಾಕಿದಳು ಅಂತ ಮಕ್ಕಳಿಗೂ ಗೊತ್ತು. ಚಿತ್ರಗಳಲ್ಲಿ ಅವಳದು ಯಾವಾಗಲೂ ಎತ್ತಿದ ಕೈ, ಯುದ್ಧದ ಕೈ. ಆ ಸಂದಿಯೊಳಗೆ ನಿಂತಾಗ ನನಗೆ ಬೇರೆ ಅನ್ನಿಸಿತು. ಒನಕೆ ಎತ್ತುವುದು ನಿಧಾನ, ಬೀಳುವುದು ಅದರ ತೂಕಕ್ಕೆ ತಾನೇ. ದಿನಾ ಭತ್ತ ಕುಟ್ಟಿದವಳ ಕೈಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ನಿನ್ನೆ ಲಗ್ನಪತ್ರಿಕೆ ಮೇಲೆ ಮೇಸ್ತ್ರಿ ಬರೆದ ಬಸವನಹುಳವೂ ಅದೇ ತಾನೆ? ಎಂಟು ಪಾಲು ಏರುವುದು, ನಾಲ್ಕು ಪಾಲು ಬೀಳುವುದು.

ಶಾಲೆಗೆ ವಾಪಸ್ ಬಂದಾಗ ಅಂಗಳದಲ್ಲಿ ನೂರೈವತ್ತು ಮಕ್ಕಳು ಕೂತಿದ್ದರು. ಹೆಡ್‌ಮಾಸ್ಟರ್ ಎರಡು ಮಾತಾಡಿ ತಮ್ಮನಿಗೆ ಬಿಟ್ಟರು. ತಮ್ಮ ಭಾಷಣ ತಯಾರು ಮಾಡಿಕೊಂಡಿದ್ದ, ಎಲ್ಲ ಮರೆತ. "ಇದು ನಮ್ಮ ಅಪ್ಪಾರು," ಎಂದು ಸ್ವಿಚ್ ಒತ್ತಿದ.

ಕೆಳಗಿನ ಬಾಬಿನ್ನಿಂದ ಬಿಳಿ ನೂಲು ಬೆರಳಿನ ಕೊಕ್ಕೆ ಹಾದು ಎದೆ ಮಟ್ಟದ ರೋಲರ್‌ಗೆ ಹೋಗುತ್ತಿತ್ತು. ಕೈ ಏರಿತು. ತಡೆಯಿತು. ಹೆಗಲು ಎತ್ತಿಕೊಂಡಿತು. ಮುಂದೆ ಕೂತಿದ್ದ ಹುಡುಗಿಯೊಬ್ಬಳು ಪಕ್ಕದವಳಿಗೆ, "ಅಯ್ಯೋ, ಅದಕ್ಕೆ ಕೈ ನೋಯ್ತೈತೆ ಕಣೇ," ಎಂದಳು. ನಾನು ತಮ್ಮನ ಮುಖ ನೋಡಲಿಲ್ಲ. ನನ್ನ ಬಲಗೈ ತಾನಾಗಿಯೇ ಎಡಗೈ ಒಳಗೆ ಹೋಗಿ ಕೂತಿತ್ತು.

ಹತ್ತು ಹನ್ನೆರಡು ಸುತ್ತು ಆಗಿರಬೇಕು. ಬತ್ತಿಯ ನೂಲು ಎಷ್ಟೆಂದು ತಡೆಯುತ್ತದೆ? ಪಟ್ ಅಂತ ಹರಿಯಿತು. ಮೇಲಿನ ತುದಿ ರೋಲರ್ ಹತ್ತಿರ ಜೋತುಬಿತ್ತು. ಕೆಳಗಿನದು ಕೊಕ್ಕೆಯಲ್ಲಿ ಒದ್ದಾಡುತ್ತಿತ್ತು. ಕೈ ಮಾತ್ರ ಏಳುತ್ತಾ ಇಳಿಯುತ್ತಾ ಇತ್ತು. ಮಕ್ಕಳು ಹೋ ಅಂದರು. ತಮ್ಮ ಸ್ವಿಚ್ ಕಡೆ ಓಡಿದ.

"ನಿಲ್ಲಿಸಬ್ಯಾಡ," ಎಂದರು ಚಿಕ್ಕಪ್ಪ.

ಕುರ್ಚಿಯಿಂದ ಎದ್ದರು. ಮಂಡಿ ಹಿಡಿದುಕೊಂಡು ನಿಧಾನಕ್ಕೆ ಬಂದರು. ಶಿಲ್ಪದ ಪಕ್ಕ ನಿಂತು ಒಂದು ಸುತ್ತು ಪೂರ್ತಿ ಹೋಗಲು ಬಿಟ್ಟರು. ನೋಡುತ್ತಿರಲೂ ಇಲ್ಲ, ತಲೆ ಬೇರೆ ಕಡೆ ಇತ್ತು. ಎರಡನೇ ಸುತ್ತಿನಲ್ಲಿ ಕಬ್ಬಿಣದ ಕೈ ಮೇಲೇರಿ, ಆರನೇ ಗುರುತಿಗೆ ಬಂದು, ನನ್ನ ಕೈ ನಿಲ್ಲುವ ಜಾಗದಲ್ಲಿ ನಿಂತಿತು. ಅಷ್ಟರಲ್ಲಿ ಅವರ ಬೆರಳು ಒಳಗೆ ಹೋಗಿ ಬಂದಿತ್ತು. ಎರಡು ತುದಿ ಸೇರಿಸಿ, ಮೂರು ಸಲ ಹೊಸೆದು, ಬಿಟ್ಟಿದ್ದರು. ಹೆಗಲು ಎದ್ದಿತು. ನೂಲು ಮೇಲಕ್ಕೆ ಹರಿಯಿತು.

ಮಕ್ಕಳು ಚಪ್ಪಾಳೆ ತಟ್ಟಿದರು. ಚಿಕ್ಕಪ್ಪ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಗಿರಣಿಯವರಿಗೆ ಕಿವಿ ಸ್ವಲ್ಪ ಮಂದ. ಹರಿದ ನೂಲಿನ ಚೂರನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ವಾಪಸ್ ಹೋಗಿ ಕುರ್ಚಿಯಲ್ಲಿ ಕೂತು, ಪಕ್ಕದಲ್ಲಿದ್ದ ಹೆಡ್‌ಮಾಸ್ಟರನ್ನು, "ಟೀ ಎಷ್ಟೊತ್ತಿಗ್ರೀ ಇಲ್ಲಿ?" ಎಂದು ಕೇಳಿದರು.